ಪುಣೆ–ಮುಂಬೈ ಕಾರ್‌ಪೂಲ್: ಈಗಿನ ನಿಯಮ ಎಲ್ಲಿ ನೋಡೋದು?

ಪ್ರಶ್ನೆ (ವಾಕಡ್, ಪುಣೆ): ಸರ್, ಶುಕ್ರವಾರ ಮುಂಬೈಗೆ ಹೋಗುವಾಗ ಕಾರಲ್ಲಿ ಮೂರು ಸೀಟು ಖಾಲಿ. ಆ್ಯಪ್‌ನಲ್ಲಿ ಹಾಕೋಣ ಅಂದ್ರೆ, ವೈಟ್ ಬೋರ್ಡ್ ಪೂಲಿಂಗ್ ಬ್ಯಾನ್ ಅನ್ನೋ 2023ರ ಜನವರಿಯ ಸರ್ಕಾರಿ ಆದೇಶ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಅದು ಈಗಲೂ ಇದೆಯಾ? ಎಕ್ಸ್‌ಪ್ರೆಸ್‌ವೇನಲ್ಲಿ ಪೂಲ್ ಕಾರಿಗೆ ಬೇರೆ ಲೇನ್ ಉಂಟಾ?

ಉತ್ತರ (ಮೋಟಾರು ಪ್ರಕರಣಗಳ ವಕೀಲರು): ಬೇರೆ ಲೇನ್ ಇಲ್ಲ. ಒಬ್ಬರಿದ್ದರೂ ನಾಲ್ವರಿದ್ದರೂ ಟೋಲೂ ಅಷ್ಟೇ. ಅಮೆರಿಕದ ಕಾರ್‌ಪೂಲ್ ಲೇನ್ ವಿಡಿಯೊ ನೋಡಿದವರೆಲ್ಲ ಇದನ್ನೇ ಕೇಳ್ತಾರೆ.

ಇಲ್ಲಿ ತೊಡಕಿರೋದು ದುಡ್ಡು ತಗೊಳ್ಳೋದರಲ್ಲಿ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಜನರನ್ನು ಕೂರಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ ಕಲಂ 66ರ ಉಲ್ಲಂಘನೆ. ಕಲಂ 192ಎ ಪ್ರಕಾರ ಮೊದಲ ಸಲವೇ 10,000 ರೂ. ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

2023ರಲ್ಲಿ ಮಹಾರಾಷ್ಟ್ರ ಖಾಸಗಿ ವಾಹನಗಳ ಪೂಲಿಂಗ್ ನಿಷೇಧಿಸಿದ್ದು ನಿಜ. 2025ರಲ್ಲಿ ನಿಲುವು ಬದಲಾಗಿ, ಆ್ಯಪ್ ಮೂಲಕದ ಪೂಲಿಂಗ್‌ಗೆ ಸಂಪುಟ ಒಪ್ಪಿತು. ಆದರೆ ಸಂಪುಟದ ಒಪ್ಪಿಗೆ, ಕರಡು, ಅಂತಿಮ ಅಧಿಸೂಚನೆ ಮೂರೂ ಬೇರೆ ಬೇರೆ. ಪೇಪರಿನವರು ಮೂರಕ್ಕೂ ‘ಅನುಮತಿ’ ಅಂತಲೇ ಹೆಡ್ಡಿಂಗ್ ಕೊಡ್ತಾರೆ. ಹಾಗಾಗಿ ಹೊರಡುವ ಮುಂಚೆ ಮೂಲ ಕಾಗದವನ್ನೇ ತೆಗೆದು ನೋಡಿ.

ರಾಜ್ಯ ಸರ್ಕಾರದ ವೆಬ್‌ಸೈಟಲ್ಲಿ ‘ಶಾಸನ ನಿರ್ಣಯ’ಕ್ಕೆ (ಮರಾಠಿಯಲ್ಲಿ ಸರ್ಕಾರಿ ಆದೇಶ) ಹೋಗಿ ಗೃಹ ಇಲಾಖೆ ಆರಿಸಿ. ಸಾರಿಗೆ ಅದರ ಕೆಳಗೇ ಬರುತ್ತೆ. ಪಟ್ಟಿಯಲ್ಲಿ ‘ಪರಿವಹನ’ (ಸಾರಿಗೆ) ಹುಡುಕಿ ಸುಸ್ತಾಗೋರೇ ಹೆಚ್ಚು. ಆದೇಶದ ಕೊನೆಯಲ್ಲಿ ‘ಸಂಕೇತಾಂಕ’ ಅಂತ ಉದ್ದನೆಯ ನಂಬರ್ ಇರುತ್ತೆ. ವಾಟ್ಸಾಪ್ ಪ್ರತಿಯ ನಂಬರ್ ಹಾಕಿ ಹುಡುಕಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತೆ. ಆಮೇಲೆ ಅದಕ್ಕಿಂತ ಈಚಿನ ತಾರೀಖಿನವು ತೆರೆದು ‘ಅಧಿಕ್ರಮಿತ’ ಎಂಬ ಪದ ನೋಡಿ. ಹಳೇ ಆದೇಶದ ತಾರೀಖಿನ ಪಕ್ಕ ಅದಿದ್ದರೆ ಹಳೇದು ರದ್ದು. ನಿಯಮಾವಳಿ ಬರೋದು ರಾಜಪತ್ರದಲ್ಲಿ. ‘ಮಸುದಾ’ ಅಂತಿದ್ದರೆ ಇನ್ನೂ ಕರಡು, ಆಕ್ಷೇಪಣೆ ಕೇಳಲು ಬಿಟ್ಟದ್ದು. ಅದರ ಪ್ರಿಂಟ್ ತೋರಿಸಿ ಪೊಲೀಸರ ಹತ್ತಿರ ವಾದ ಮಾಡಲಾಗದು.

ಆ್ಯಪ್ ಕಂಪನಿಗೆ ಈ ರಾಜ್ಯದ ಅಗ್ರಿಗೇಟರ್ ಲೈಸೆನ್ಸ್ (ಆ್ಯಪ್‌ನಲ್ಲಿ ಪ್ರಯಾಣಿಕರನ್ನೂ ವಾಹನದವರನ್ನೂ ಜೋಡಿಸೋ ಕಂಪನಿಯ ಪರವಾನಗಿ) ನಂಬರ್ ಕೇಳಿ. ‘ನಾವು ಬರೀ ಪ್ಲಾಟ್‌ಫಾರ್ಮ್’ ಅಂತ ಜಾರಿಕೊಂಡರೆ ಆ ಆ್ಯಪ್ ಬಿಟ್ಟುಬಿಡಿ.

ಪ್ರಶ್ನೆ (ಅವರದೇ): ಆ್ಯಪ್ ಬೇಡ ಸರ್, ಆಫೀಸಿನವರೇ ಪೆಟ್ರೋಲ್ ಹಂಚಿಕೊಂಡರೆ? ಹುಬ್ಬಳ್ಳಿಗೂ ಹೀಗೇ ಹೋಗಬಹುದಾ?

ಉತ್ತರ: ಪರಿಚಯದವರು ಪೆಟ್ರೋಲ್, ಟೋಲ್ ಸಮನಾಗಿ ಹಾಕಿಕೊಂಡರೆ ಅದನ್ನು ಬಾಡಿಗೆ ಅನ್ನೋದು ಕಷ್ಟ. ಸೀಟಿಗೆ ಇಷ್ಟು ಅಂತ ರೇಟು ಕಟ್ಟಿದಿರೋ, ಕಥೆ ಬೇರೆ. ಯುಪಿಐನಲ್ಲಿ ‘ಸೀಟ್ ಚಾರ್ಜ್’ ಅಂತ ನೋಟ್ ಬರೆಯೋರನ್ನೂ ಕಂಡಿದ್ದೀನಿ, ದಯವಿಟ್ಟು ಬೇಡ.

ಚಲನ್‌ಗಿಂತ ದೊಡ್ಡ ಪೆಟ್ಟು ಇನ್ಶೂರೆನ್ಸ್‌ದು. ನಿಮ್ಮ ಪಾಲಿಸಿಯಲ್ಲಿ ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ ಓದಿ: ಖಾಸಗಿ ಕಾರಿಗೆ ‘ಹೈರ್ ಆರ್ ರಿವಾರ್ಡ್’ (ಬಾಡಿಗೆ ಅಥವಾ ಪ್ರತಿಫಲಕ್ಕಾಗಿ) ಬಳಕೆ ಕವರ್ ಆಗಲ್ಲ. ಅಪಘಾತವಾದಾಗ ಪ್ರಯಾಣಿಕರು ‘ನಾವು ದುಡ್ಡು ಕೊಟ್ಟು ಬಂದ್ವಿ’ ಅಂತ ಹೇಳಿಕೆ ಕೊಟ್ಟರೆ ಕ್ಲೇಮ್‌ಗೆ ತಕರಾರು ಶುರು. ಕಂಪನಿಗೆ ಮೊದಲೇ ಇಮೇಲ್ ಮಾಡಿ ಲಿಖಿತ ಉತ್ತರ ಇಟ್ಟುಕೊಳ್ಳಿ.

ಹುಬ್ಬಳ್ಳಿ ದಾರಿಯಲ್ಲಿ ನಿಪ್ಪಾಣಿ ಗಡಿ ದಾಟಿದ ಮೇಲೆ ಕರ್ನಾಟಕದ ನಿಯಮ. ಆ್ಯಪ್ ಕಂಪನಿಯ ಮಹಾರಾಷ್ಟ್ರದ ಲೈಸೆನ್ಸ್ ಅಲ್ಲಿ ನಡೆಯಲ್ಲ. ಅಲ್ಲಿನ ಸಾರಿಗೆ ಇಲಾಖೆಯ ಆದೇಶ ಬೇರೆಯಾಗಿ ನೋಡಬೇಕು.