ಕ್ರೂಸ್ ಹಡಗಿನಲ್ಲಿ ಯಾವ ಕ್ಯಾಬಿನ್ ತಗೊಳ್ಳೋದು? ಆರು ಜನ, ಇಬ್ಬರು ವಯಸ್ಸಾದವರು, ಏಪ್ರಿಲ್ ರಜೆ

ರೋಬಸ್ಟಾ_ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಕಾಫಿ ಕುಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಮನೆಮಂದಿ ಎಲ್ಲ ಕ್ರೂಸ್ ಹೋಗೋ ಯೋಚನೆ ಇದೆ. ಒಟ್ಟು ಆರು ಜನ: ನಾವಿಬ್ಬರು, 12ರ ಮಗಳು, 7ರ ಮಗ, ಅಪ್ಪ (72), ಅಮ್ಮ (67). ಅಮ್ಮನಿಗೆ ಮಂಡಿನೋವು, ಜೊತೆಗೆ ಶಿರಾಡಿ ಘಾಟಿ ಇಳಿಯೋದರೊಳಗೆ ವಾಂತಿ ಆಗುವ ಪೈಕಿ. ಅಪ್ಪ ರಾತ್ರಿ ಮೂರು ನಾಲ್ಕು ಸಲ ಏಳುತ್ತಾರೆ.

ಹಾಸನದ ಏಜೆಂಟ್ ಎರಡು ಟ್ರಿಪ್ ಹೇಳಿದ್ದಾರೆ. ಒಂದು ಮುಂಬೈ–ಗೋವಾ ಮೂರು ರಾತ್ರಿ, ಇನ್ನೊಂದು ಸಿಂಗಾಪುರ–ಪೆನಾಂಗ್–ಪುಕೆಟ್ ನಾಲ್ಕು ರಾತ್ರಿ. ಕ್ಯಾಬಿನ್‌ಗೆ ಮೂರು ಆಯ್ಕೆ: ನಾಲ್ಕು ಮಂಚದ ಒಂದು ಇನ್‌ಸೈಡ್ (ಕಿಟಕಿ ಇಲ್ಲದ ಒಳಗಿನ ರೂಮು) ಜೊತೆಗೆ ಎರಡು ಮಂಚದ ಇನ್ನೊಂದು ಇನ್‌ಸೈಡ್, ಇಲ್ಲವೇ ಎರಡೂ ಓಷನ್ ವ್ಯೂ (ಸಮುದ್ರದ ಕಡೆ ಕಿಟಕಿ ಇರೋದು), ಇಲ್ಲವೇ ರಿಯಾಯಿತಿಯಲ್ಲಿ "ಗ್ಯಾರಂಟಿ ಬಾಲ್ಕನಿ". ಬಾಲ್ಕನಿಗೆ ಕೊಡುವ ಹೆಚ್ಚಿನ ದುಡ್ಡು ದಕ್ಕುತ್ತಾ? ಕಿಟಕಿಯೇ ಇಲ್ಲದ ರೂಮಲ್ಲಿ ವಯಸ್ಸಾದವರನ್ನು ಮಲಗಿಸಬಹುದಾ? ಗೊತ್ತಿರೋರು ಬಿಡಿಸಿ ಹೇಳಿ.

ನಡುಡೆಕ್

ಸಾರ್, ಮೊದಲು ದರ್ಜೆ ಬಿಡಿ, ಜಾಗ ನೋಡಿ. ಇನ್‌ಸೈಡ್, ಓಷನ್ ವ್ಯೂ, ಬಾಲ್ಕನಿ ಅನ್ನೋದೆಲ್ಲ ಕಿಟಕಿ ಲೆಕ್ಕ. ನಿಮ್ಮ ತಾಯಿಯವರ ಹೊಟ್ಟೆ ತೊಳಸುತ್ತೋ ಇಲ್ಲವೋ ಅನ್ನೋದು ಬಹುಮಟ್ಟಿಗೆ ಕ್ಯಾಬಿನ್ ಹಡಗಿನ ಯಾವ ಭಾಗದಲ್ಲಿದೆ ಅನ್ನೋದರ ಮೇಲೆ ನಿಂತಿದೆ.

ಕೆಂಪು ಬಸ್ಸಿನ ಕೊನೇ ಸೀಟಿನವರು ಪ್ರತಿ ರೋಡ್‌ಹಂಪಿಗೂ ಎಗರುತ್ತಾರೆ, ಮುಂದಿನ ಗಾಲಿ ಹಿಂದಿನ ಗಾಲಿ ನಡುವೆ ಕೂತವರಿಗೆ ಅಷ್ಟು ಗೊತ್ತಾಗಲ್ಲ. ಹಡಗೂ ಹಾಗೇ. ಅಲೆ ಎದುರಿಂದ ಬಂದರೆ ಮೂತಿ ಏಳುತ್ತೆ, ಬಾಲ ಇಳಿಯುತ್ತೆ, ನಡುಭಾಗ ತಕ್ಕಡಿ ಮುಳ್ಳಿನ ಹಾಗೆ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ. ಅಲೆ ಪಕ್ಕದಿಂದ ಬಂದರೆ ಎಡಕ್ಕೂ ಬಲಕ್ಕೂ ವಾಲುತ್ತೆ, ಆಗ ಪೆಟ್ಟು ಮೇಲಿನ ಡೆಕ್ಕಿನವರಿಗೆ. ಗಾಳಿಗೆ ತೆಂಗಿನ ಮರದ ಬುಡ ಅಲ್ಲಾಡುತ್ತಾ? ತುದಿ ತಾನೇ ತೂಗೋದು. ನೀರಿನೊಳಗೆ ಚಾಚುವ ಸ್ಟೆಬಿಲೈಸರ್ ರೆಕ್ಕೆಗಳು ಪಕ್ಕಕ್ಕೆ ವಾಲೋದನ್ನು ತಗ್ಗಿಸುತ್ತವೆ, ಮೂತಿ–ಬಾಲದ ಏರಿಳಿತಕ್ಕೆ ಅವುಗಳಿಂದ ಹೆಚ್ಚು ಉಪಯೋಗ ಇಲ್ಲ. ಆದ್ದರಿಂದ ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್. ಈ ಎರಡರಲ್ಲಿ ಒಂದೇ ಸಿಗುತ್ತೆ ಅಂದರೆ ನಡುಭಾಗ ಹಿಡಿಯಿರಿ.

ಹಡಗಿನ ಗಾತ್ರವೂ ಲೆಕ್ಕಕ್ಕೆ ಬರುತ್ತೆ. ಮುಂಬೈ ಕಡೆ ಓಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಸೇವೆಗೆ ಬಂದ ಹಡಗು, ಉದ್ದ ಸುಮಾರು 210 ಮೀಟರ್. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕಡಿಮೆ, ಹಾಗಾಗಿ ಇರುವ ಕೆಲವಕ್ಕೆ ದರ ಜಾಸ್ತಿ. ಸಿಂಗಾಪುರ ಕಡೆಯ ಜೆಂಟಿಂಗ್ ಡ್ರೀಮ್‌ನಂಥದ್ದು 335 ಮೀಟರ್. ಅಷ್ಟು ದೊಡ್ಡದು ಸಣ್ಣಪುಟ್ಟ ಅಲೆಗೆ ಕ್ಯಾರೇ ಅನ್ನಲ್ಲ. ಮೇಲಾಗಿ ಮಲಕ್ಕಾ ಜಲಸಂಧಿಗೆ ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಸುಮಾತ್ರಾ. ಎರಡೂ ಕಡೆ ನೆಲ ಇರೋದರಿಂದ ದೊಡ್ಡ ಅಲೆ ಬೆಳೆಯೋಕೆ ಜಾಗ ಕಡಿಮೆ.

ಏಪ್ರಿಲ್‌ನಲ್ಲಿ ಅರಬ್ಬಿ ಸಮುದ್ರ ಸಾಮಾನ್ಯವಾಗಿ ಶಾಂತವಾಗೇ ಇರುತ್ತೆ. ಮೇ ಎರಡನೇ ವಾರ ದಾಟಿಸಬೇಡಿ. ತೌಕ್ತೆ ಚಂಡಮಾರುತ ಬಂದದ್ದು 2021ರ ಮೇ ಮಧ್ಯದಲ್ಲೇ.

ಇನ್ನು ಸದ್ದು. ಮೇಲಿನ ಡೆಕ್ ಬೇಕು ಅಂತ ಈಜುಕೊಳದ ನೇರ ಕೆಳಗಿನ ರೂಮು ಹಿಡಿದರೆ ಬೆಳಗ್ಗೆ ಆರಕ್ಕೇ ತಲೆ ಮೇಲೆ ಕುರ್ಚಿ ಎಳೆಯುವ ಸದ್ದು. ಅಡುಗೆಮನೆಯ ಕೆಳಗಿನ ರೂಮಾದರೆ ಟ್ರಾಲಿ, ಡಿಸ್ಕೋ ಅಥವಾ ಥಿಯೇಟರ್ ಮೇಲಾದರೆ ರಾತ್ರಿ ಒಂದರವರೆಗೂ ಧಮ್ ಧಮ್. ತೀರಾ ಮುಂದೆ, ಕೆಳಗೆ ಇದ್ದರೆ ಬಂದರಿಗೆ ಕಟ್ಟುವಾಗ ಬೌ ಥ್ರಸ್ಟರ್ (ಮೂತಿಯನ್ನು ಪಕ್ಕಕ್ಕೆ ತಳ್ಳುವ ಯಂತ್ರ) ಗುಡುಗುತ್ತೆ, ಅದೂ ಬೆಳಗಿನ ಜಾವ. ತೀರಾ ಹಿಂದೆ ಪ್ರೊಪೆಲ್ಲರ್ ನಡುಕ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರುವ ಡೆಕ್ಕೇ ಒಳ್ಳೇದು. ಡೆಕ್ ಪ್ಲಾನ್ ತೆಗೆದು ನಿಮ್ಮ ನಂಬರಿನ ನೇರ ಮೇಲಿನ ಮತ್ತು ಕೆಳಗಿನ ಹಾಳೆ ಎರಡನ್ನೂ ನೋಡಿ. ಏನೂ ಬರೆಯದೆ ಖಾಲಿ ಬಿಟ್ಟ ಜಾಗ ಕಂಡರೆ ಅನುಮಾನ ಪಡಿ. ಬಹಳ ಸಲ ಅದು ಸಿಬ್ಬಂದಿಯ ಓಡಾಟದ ಜಾಗ ಅಥವಾ ಉಗ್ರಾಣ.

ಜಗಲಿ_ಮೂಡಿಗೆರೆ

ನಡುಡೆಕ್ ಅವರು ಹೇಳಿದ್ದರಲ್ಲಿ ಜಾಗದ ಮಾತು ಪೂರ್ತಿ ಸರಿ. ಆದರೆ ಬಾಲ್ಕನಿಯನ್ನು ಬರೀ ಕಿಟಕಿ ಲೆಕ್ಕಕ್ಕೆ ಹಾಕಿಬಿಟ್ಟರು, ಅದನ್ನು ಒಪ್ಪಲ್ಲ ಮಾರಾಯ್ರೆ. ಬಾಲ್ಕನಿ ಅಂದರೆ ಜಗಲಿ. ಮಂಡಿನೋವಿನವರು ಹಡಗಿನ ಈ ತುದಿಯಿಂದ ಆ ತುದಿಗೆ ದಿನಕ್ಕೆ ನಾಲ್ಕು ಸಲ ನಡೆಯಲ್ಲ. ಮಕ್ಕಳು ನೀರಲ್ಲಿ ಆಡುವಾಗ ಅವರು ಕೂರೋದೆಲ್ಲಿ? ಇನ್‌ಸೈಡ್ ಕ್ಯಾಬಿನ್ನಲ್ಲಿ ಮಂಚದ ಮೇಲೆ, ಟ್ಯೂಬ್‌ಲೈಟ್ ನೋಡ್ತಾ.

ಇನ್ನೊಂದು ವಿಷಯ. ಹೊಟ್ಟೆ ತೊಳಸೋದು ಕಿವಿಯೊಳಗಿನ ಸಮತೋಲನ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದಾಗ. ಕಿಟಕಿ ಇಲ್ಲದ ರೂಮಲ್ಲಿ ಗೋಡೆ ನಿಂತಂತೆ ಕಾಣುತ್ತೆ, ಮೈ ಮಾತ್ರ ತೂಗುತ್ತೆ. ಹೊರಗೆ ಬಂದು ದೂರದ ಆಕಾಶ–ನೀರಿನ ಗೆರೆ ನೋಡಿದರೆ ಎರಡೂ ಹೊಂದುತ್ತೆ, ಗಾಳಿಯೂ ಸಿಗುತ್ತೆ. ಘಾಟಿಯಲ್ಲಿ ಮುಂದಿನ ಸೀಟಲ್ಲಿ ಕೂರಿಸಿ ರಸ್ತೆ ನೋಡು ಅನ್ನೋದು ಇದಕ್ಕೇ ತಾನೆ?

ದುಡ್ಡು ಉಳಿಸೋ ದಾರಿ: ಆರು ಜನಕ್ಕೂ ಬಾಲ್ಕನಿ ಬೇಡ. ಹಿರಿಯರಿಬ್ಬರಿಗೆ ಒಂದು ಬಾಲ್ಕನಿ, ನಡುಭಾಗದಲ್ಲಿ, ಬಾಲ್ಕನಿ ಶುರುವಾಗುವ ಅತ್ಯಂತ ಕೆಳಗಿನ ಡೆಕ್ಕಿನಲ್ಲಿ. ಅದೇ ಓಣಿಯ ಎದುರುಗಡೆ ನೀವು ನಾಲ್ವರಿಗೆ ಇನ್‌ಸೈಡ್. ಒಂದೇ ಜಗಲಿ, ಮನೆಮಂದಿಗೆಲ್ಲ. ಇದು ಸಿಂಗಾಪುರದ ಟ್ರಿಪ್ಪಿಗೆ. ಮುಂಬೈ–ಗೋವಾದಲ್ಲಿ ಹಡಗು ಹಗಲು ಸಾಗುತ್ತೋ ರಾತ್ರಿಯೋ ಅಂತ ವೇಳಾಪಟ್ಟಿ ನೋಡಿ, ಹೆಚ್ಚಾಗಿ ರಾತ್ರಿಯೇ ಆದರೆ ಕತ್ತಲೆ ನೋಡೋಕೆ ದುಡ್ಡು ಕೊಡಬೇಡಿ.

ಬಾಲ್ಕನಿ ತಗೊಂಡರೆ ಎಚ್ಚರ: ಓಣಿ ಬಾಗಿಲು, ಬಾಲ್ಕನಿ ಬಾಗಿಲು ಎರಡನ್ನೂ ಒಟ್ಟಿಗೆ ತೆಗೆಯಬೇಡಿ. ಗಾಳಿ ನುಗ್ಗಿ ಬಾಗಿಲು ಹೊಡೆದುಕೊಳ್ಳುತ್ತೆ, ಬೆರಳು ಸಿಕ್ಕಿದರೆ ಕಥೆ ಮುಗೀತು. ಬಾಲ್ಕನಿ ಬಾಗಿಲು ತೆಗೆದೇ ಇಟ್ಟರೆ ಕೆಲವು ಹಡಗುಗಳಲ್ಲಿ ಏಸಿ ತಾನಾಗಿ ನಿಲ್ಲುತ್ತೆ, ಸೆಕೆ ಒಳಗೆ ಬಂದು ನೆಲವೆಲ್ಲ ಜಾರುತ್ತೆ. ಕಂಬಿ ಹತ್ತಿರ ಕುರ್ಚಿ ಇಡಬೇಡಿ, 7 ವರ್ಷದ ಹುಡುಗ ಹತ್ತದೆ ಬಿಡಲ್ಲ. ಬಟ್ಟೆ ಒಣಗಿಸೋದು ಅಲ್ಲಿ ನಿಷಿದ್ಧ.

ಕಡೂರು_ಲೆಕ್ಕ

ದರದ ಬಗ್ಗೆ ಯಾರೂ ಹೇಳಲಿಲ್ಲ. ಜಾಹೀರಾತಿನ "ತಲಾ ಇಷ್ಟು" ಅನ್ನೋದು ಒಂದು ರೂಮಲ್ಲಿ ಇಬ್ಬರಿದ್ದರೆ ಬರುವ ಲೆಕ್ಕ. ಅದೇ ರೂಮಿನ ಮೂರನೇ, ನಾಲ್ಕನೇ ಜನಕ್ಕೆ ದರ ಸಾಮಾನ್ಯವಾಗಿ ತುಂಬಾ ಕಡಿಮೆ. ಒಬ್ಬರೇ ಇದ್ದರೆ ಹತ್ತಿರ ಹತ್ತಿರ ಇಬ್ಬರದ್ದು ಕಟ್ಟಬೇಕು. ಅದಕ್ಕೇ ನಿಮ್ಮ ಏಜೆಂಟ್ 4+2 ಹೇಳಿರೋದು, ಮೋಸ ಏನಿಲ್ಲ. ಆದರೆ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸ್ ತಲೆಗಿಷ್ಟು ಅಂತ ಬೇರೆ ಸೇರುತ್ತೆ. ಟಿಪ್ಸ್ ಬಹಳ ಕಡೆ ತಲೆಗೆ, ದಿನಕ್ಕೆ ಇಷ್ಟು ಅಂತ, ಸೂಟ್‌ನವರಿಗೆ (ದೊಡ್ಡ ದುಬಾರಿ ರೂಮಿನವರಿಗೆ) ಹೆಚ್ಚು. ಆರು ಜನದ ಒಟ್ಟು ಮೊತ್ತವನ್ನು ಎರಡೂ ಆಯ್ಕೆಗೆ ಬರೆಸಿಕೊಂಡು ಹೋಲಿಸಿ, ತಲಾ ದರ ಹೋಲಿಸಬೇಡಿ.

ನಾಲ್ಕು ಮಂಚದ ಇನ್‌ಸೈಡ್ ಅಂದರೆ ಏನು ಅಂತ ಗೊತ್ತಿರಲಿ. ಹೊಸ ಹಡಗುಗಳಲ್ಲಿ ಸುಮಾರು 150ರಿಂದ 180 ಚದರಡಿ, ಬಾತ್‌ರೂಮೂ ಸೇರಿ. ಕೆಳಗೆ ಎರಡು ಮಂಚ, ಮೇಲೆ ಗೋಡೆಗೋ ಚಾವಣಿಗೋ ಮಡಚಿಟ್ಟ ಎರಡು. ಮೇಲಿನವು ಇಳಿದ ಮೇಲೆ ಕೆಳಗೆ ನೆಟ್ಟಗೆ ಕೂತರೆ ತಲೆ ತಾಗುತ್ತೆ. ಕೆಳಗಿನ ಎರಡನ್ನು ಜೋಡಿಸಿ ಡಬಲ್ ಮಾಡಿಕೊಂಡರೆ ಕೆಲವು ರೂಮಲ್ಲಿ ಮೇಲಿನದು ಇಳಿಸೋಕೆ ಬರಲ್ಲ, ಮೊದಲೇ ಕೇಳಿ. ಮಗನನ್ನು ಮೇಲೆ ಮಲಗಿಸೋದಾದರೆ ತಡೆಕಂಬಿ ಇದೆಯಾ, ವಯಸ್ಸಿನ ನಿಯಮ ಏನು ಅಂತಲೂ ಕೇಳಿ. ಗಟ್ಟಿ ಸೂಟ್‌ಕೇಸ್ ಬೇಡ. ಮಂಚದ ಕೆಳಗೆ ತಳ್ಳುವಂಥ ಮೆತ್ತನೆ ಬ್ಯಾಗು ತಗೊಳ್ಳಿ, ಇಲ್ಲದಿದ್ದರೆ ನಡೆಯೋಕೆ ಜಾಗ ಇರಲ್ಲ.

ಗ್ಯಾರಂಟಿ ಬಾಲ್ಕನಿ ನಿಮಗೆ ಬೇಡವೇ ಬೇಡ. ಅದರಲ್ಲಿ ದರ್ಜೆ ಮಾತ್ರ ಖಾತ್ರಿ, ನಂಬರನ್ನು ಕಂಪನಿಯವರು ಕೊನೇ ಗಳಿಗೆಯಲ್ಲಿ ಕೊಡ್ತಾರೆ. ಯಾರೂ ತಗೊಳ್ಳದೆ ಉಳಿದ ರೂಮೇ ಬರೋದು: ಮೂತಿಯಲ್ಲಿ, ಬಾಲದಲ್ಲಿ, ಈಜುಕೊಳದ ಕೆಳಗೆ. ನಿಮ್ಮದು ಒಂದು ಡೆಕ್ಕಿನಲ್ಲಿ, ಹಿರಿಯರದು ಇನ್ನೊಂದರಲ್ಲಿ ಬಂದರೆ ಕೇಳೋ ಹಾಗೂ ಇಲ್ಲ. ಇಬ್ಬರೇ ಹುಡುಗರು ಹೋಗೋದಾದರೆ ಅದೇ ಲಾಭ.

ರೋಬಸ್ಟಾ_ಸಕಲೇಶಪುರ

ತುಂಬಾ ಉಪಕಾರ ಆಯ್ತು. ಸಿಂಗಾಪುರ ಅಂತ ಮನಸ್ಸು ವಾಲ್ತಾ ಇದೆ. ಮೂರು ಅನುಮಾನ: ಎಡ ಬಲ ಯಾವ ಕಡೆ ಒಳ್ಳೇದು? ಅಮ್ಮನ ಮಂಡಿಗೆ ಬಾತ್‌ರೂಮ್ ತೊಂದರೆ ಆಗುತ್ತಾ? ಏಜೆಂಟ್ ಈಗ ಕಡಿಮೆ ದರಕ್ಕೆ "ಅಬ್‌ಸ್ಟ್ರಕ್ಟೆಡ್ ವ್ಯೂ" ಅಂತ ಒಂದು ತೋರಿಸ್ತಿದ್ದಾರೆ, ಅದೇನು?

ನಡುಡೆಕ್

ಅಬ್‌ಸ್ಟ್ರಕ್ಟೆಡ್ ಅಂದರೆ ಕಿಟಕಿ ಮುಂದೆ ಏನೋ ಅಡ್ಡ ಇದೆ ಅಂತ, ಹೆಚ್ಚಾಗಿ ಲೈಫ್‌ಬೋಟ್. ಪೂರ್ತಿ ಅಡ್ಡವೋ, ಕೆಳಗಿನ ಅರ್ಧ ಮಾತ್ರವೋ ಅಂತ ಕೇಳಿ. ಬೋಟಿನ ನೆತ್ತಿ ಮಾತ್ರ ಕಾಣುವಂತಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ: ಬೆಳಕು ಬರುತ್ತೆ, ದೂರದ ನೀರೂ ಕಾಣುತ್ತೆ, ಬೋಟುಗಳು ನೇತಾಡೋದು ಕೆಳಗಿನ ಡೆಕ್ಕುಗಳಲ್ಲೇ ಆದ್ದರಿಂದ ತೂಗಾಟವೂ ಕಡಿಮೆ. ಪೂರ್ತಿ ಅಡ್ಡ ಇದ್ದರೆ ಕಿತ್ತಳೆ ಬಣ್ಣದ ಗೋಡೆ ನೋಡ್ತಾ ಕೂರಬೇಕು, ಅದಕ್ಕಿಂತ ಇನ್‌ಸೈಡ್ ವಾಸಿ.

ಎಡ ಬಲ: ಹೋಗಿ ಬರುವ ಟ್ರಿಪ್ಪಲ್ಲಿ ಎರಡೂ ಅದಲುಬದಲಾಗುತ್ತೆ. ಸಿಂಗಾಪುರದಿಂದ ವಾಯವ್ಯಕ್ಕೆ ಹೋಗುವಾಗ ಮಲೇಷ್ಯಾ ಬಲಕ್ಕೆ, ಸಂಜೆಯ ಸೂರ್ಯ ಎಡಕ್ಕೆ. ವಾಪಸ್ ಬರುವಾಗ ಉಲ್ಟಾ. ಇದಕ್ಕಾಗಿ ಒಳ್ಳೇ ನಂಬರ್ ಬಿಡಬೇಡಿ. ಸಂಜೆ ಬಿಸಿಲು ಬೀಳುವ ಕಡೆ ಬಾಲ್ಕನಿ ಏಪ್ರಿಲ್‌ನಲ್ಲಿ ಕಾದಿರುತ್ತೆ, ಹೊತ್ತು ಇಳಿದ ಮೇಲೆ ಕೂರೋಕೆ ಚೆನ್ನ.

ಬಾತ್‌ರೂಮ್: ನೀರು ಹೊರಗೆ ಹರಿಯಬಾರದು ಅಂತ ಬಾಗಿಲಲ್ಲಿ ಎತ್ತರದ ಹೊಸ್ತಿಲು ಇರುವ ಹಡಗುಗಳು ಬಹಳ. ರಾತ್ರಿ ಮೂರು ಸಲ ಏಳುವ ನಿಮ್ಮ ತಂದೆಯವರು ಎಡವೋದು ಅಲ್ಲೇ. ಗಾಲಿಕುರ್ಚಿಯ ಕ್ಯಾಬಿನ್ನಲ್ಲಿ ಹೊಸ್ತಿಲು ಇರಲ್ಲ, ಆದರೆ ಅವು ಕೆಲವೇ ಇರುತ್ತವೆ. ನಿಜವಾಗಿ ಬೇಕಾದವರಿಗೆ ಬಿಟ್ಟುಬಿಡಿ. ಬದಲಿಗೆ ಹೊಸ್ತಿಲ ಬಳಿ ಬ್ಯಾಟರಿಯ ಸಣ್ಣ ದೀಪ ಇಡಿ. ಕ್ಯಾಬಿನ್ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು, ಹಿಂದೆ ಅಯಸ್ಕಾಂತ ಇರುವ ದೀಪ ಹಾಗೇ ಅಂಟಿಕೊಳ್ಳುತ್ತೆ. ಇನ್‌ಸೈಡಲ್ಲಂತೂ ಇದು ಬೇಕೇ ಬೇಕು, ದೀಪ ಆರಿಸಿದರೆ ಅಮಾವಾಸ್ಯೆ. ಕೆಲವು ಹಡಗುಗಳ ಟಿ.ವಿ.ಯಲ್ಲಿ ಮೂತಿಯ ಕ್ಯಾಮೆರಾ ಚಾನೆಲ್ ಬರುತ್ತೆ, ಸದ್ದು ಆರಿಸಿ ಅದನ್ನೇ ಹಾಕಿಟ್ಟರೆ ಬೆಳಗಾದದ್ದು ಗೊತ್ತಾಗುತ್ತೆ.

ಲಿಫ್ಟಿನಿಂದ ನಾಲ್ಕಾರು ಬಾಗಿಲು ಆಚೆ ಹಿಡಿಯಿರಿ. ಪಕ್ಕದಲ್ಲೇ ಆದರೆ ಜನರ ಗಲಾಟೆ, ದೂರ ಆದರೆ ಅಮ್ಮನವರಿಗೆ ಓಣಿ ಮುಗಿಯಲ್ಲ. ಎರಡು ರೂಮಿನ ನಡುವೆ ಬಾಗಿಲು ಇರುವ ಕನೆಕ್ಟಿಂಗ್ ಕ್ಯಾಬಿನ್ ಸಿಕ್ಕರೆ ನಿಮ್ಮಂಥ ಕುಟುಂಬಕ್ಕೆ ಹೇಳಿ ಮಾಡಿಸಿದ್ದು. ಆದರೆ ಎರಡೂ ನಿಮ್ಮವೇ ಆಗಿರಬೇಕು. ಆಚೆಯದು ಬೇರೆಯವರಿಗೆ ಹೋದರೆ ಅವರ ಗೊರಕೆಯೂ ನಿಮ್ಮದೇ.

ಜಗಲಿಯವರ ಹಂಚಿಕೆ ಸಿಂಗಾಪುರಕ್ಕೆ ನಾನೂ ಒಪ್ಪುತ್ತೀನಿ. ಮುಂಬೈಗೇ ಹೋಗೋದಾದರೆ ಹಿರಿಯರಿಗೆ ನಡುಭಾಗದ ಓಷನ್ ವ್ಯೂ, ಎದುರಿಗೆ ನಿಮಗೆ ಇನ್‌ಸೈಡ್. ಯಾವುದಾದರೂ ಸರಿ, ಮುಂಗಡ ಕೊಡುವ ಮೊದಲು ಏಜೆಂಟ್‌ರಿಂದ ಎರಡೂ ಕ್ಯಾಬಿನ್ ನಂಬರ್ ಬರಹದಲ್ಲಿ ತಗೊಳ್ಳಿ. ಆಮೇಲೆ "ಅಪ್‌ಗ್ರೇಡ್ ಸಿಕ್ಕಿದೆ" ಅಂತ ಫೋನ್ ಬಂದರೆ ಹಿಗ್ಗಬೇಡಿ, ಹೊಸ ನಂಬರ್ ಎಲ್ಲಿದೆ ನೋಡಿ. ನಡುಭಾಗದ ಓಷನ್ ವ್ಯೂ ಕೊಟ್ಟು ಮೂತಿಯ ಬಾಲ್ಕನಿ ತಗೊಂಡರೆ ನಿಮಗೆ ಲುಕ್ಸಾನೇ.

ಶುಂಠಿ_ಅರಕಲಗೂಡು

ವಾಂತಿ ತಡೆಯುವ ಮಾತ್ರೆ ವಿಷಯ ಬಿಟ್ಟುಹೋಗಿದೆ. ಅವೊಮಿನ್, ಸ್ಟುಜೆರಾನ್ ಥರದವು ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲಲ್ಲ. ಹಡಗು ಹೊರಡೋಕೆ ಒಂದೆರಡು ಗಂಟೆ ಮೊದಲೇ ಆಗಬೇಕು. ಎರಡೂ ನಿದ್ದೆ ಬರಿಸುತ್ತವೆ. ನಿಮ್ಮ ತಂದೆಯವರು ರಾತ್ರಿ ಪದೇ ಪದೇ ಏಳೋದು ಪ್ರಾಸ್ಟೇಟ್‌ನಿಂದಾದರೆ ಅಥವಾ ಕಣ್ಣಿನಲ್ಲಿ ಗ್ಲಾಕೋಮಾ ಇದ್ದರೆ ಡಾಕ್ಟರನ್ನು ಕೇಳದೆ ಅವರಿಗೆ ಕೊಡಲೇಬೇಡಿ. ಒಣಶುಂಠಿ ಒಂದು ಡಬ್ಬಿ ಇರಲಿ, ನಮ್ಮೂರ ಬೆಳೆ ಅಂತ ಹೇಳ್ತಿಲ್ಲ, ಕೆಲವರಿಗೆ ಸಾಕಾಗುತ್ತೆ. ಖಾಲಿ ಹೊಟ್ಟೆಯೂ ಬೇಡ, ಬಫೆ ಅಂತ ಬಿರಿಯೋಷ್ಟು ತಿನ್ನೋದೂ ಬೇಡ.

ಪ್ಲಗ್ ಬೇರೆ ಥರ ಇರುತ್ತೆ, ಅಡಾಪ್ಟರ್ ತಗೊಳ್ಳಿ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ಹತ್ತುವಾಗಲೇ ಕಿತ್ತಿಟ್ಟುಕೊಳ್ತಾರೆ. ಮತ್ತೆ, ವಿದೇಶಿ ಹಡಗುಗಳ ಟಾಯ್ಲೆಟ್‌ನಲ್ಲಿ ನೀರಿನ ಪೈಪು ಸಾಮಾನ್ಯವಾಗಿ ಇರಲ್ಲ. ಕ್ಯಾಬಿನ್ನಿಗೊಂದರಂತೆ ಎರಡು ಪ್ಲಾಸ್ಟಿಕ್ ಚೊಂಬು ಬ್ಯಾಗಿಗೆ ಹಾಕಿ.