ಎರಡೂ ಕಡೆ ರೋಮ್ ಸೈನಿಕರೇ ಇದ್ದಾಗ, ಕತ್ತಲಲ್ಲಿ ಶತ್ರು ಯಾರು ಅಂತ ಹೇಗೆ ಗೊತ್ತಾಗುತ್ತಿತ್ತು?

ಯಶವಂತಪುರದ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗ ಒಂಬತ್ತನೇ ಕ್ಲಾಸು. ಇತಿಹಾಸ ಅಂದರೆ ಪ್ರಾಣ. ಹೋದ ಭಾನುವಾರ ನಾನು ದೋಸೆ ಹುಯ್ಯುತ್ತಿದ್ದೆ, ಅವನು ಅಡುಗೆಮನೆ ಕಟ್ಟೆ ಮೇಲೆ ಕೂತು ರೋಮ್ ಕಥೆ ಹೇಳುತ್ತಿದ್ದ. ಚಕ್ರವರ್ತಿ ನೀರೋ ಸತ್ತ ಮೇಲೆ, ಕ್ರಿ.ಶ. 69ನೇ ಇಸವಿ ಒಂದರಲ್ಲೇ ನಾಲ್ಕು ಜನ ಚಕ್ರವರ್ತಿಗಳು ಆಳಿದರಂತೆ. ಗಾಲ್ಬಾ, ಓಥೋ, ವಿಟೆಲಿಯಸ್, ವೆಸ್ಪೇಸಿಯನ್. ಅಲ್ಲೀವರೆಗೂ ಸರಿ. ಆಮೇಲೆ ಕೇಳಿದ: "ಅಮ್ಮ, ಎರಡೂ ಕಡೆಯವರು ರೋಮ್ ಸೈನಿಕರೇ. ಅದೇ ಕತ್ತಿ, ಅದೇ ಗುರಾಣಿ, ಅದೇ ಭಾಷೆ. ಎದುರಿಗೆ ಇರೋನು ಶತ್ರು ಅಂತ ಹೇಗೆ ಗೊತ್ತಾಗುತ್ತೆ? ಗೊತ್ತಾದರೂ ಹೊಡೆಯೋಕೆ ಮನಸ್ಸು ಹೇಗೆ ಬರುತ್ತೆ?"

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಸುಮ್ನೆ ಏನೋ ಹೇಳಿ ಸಾಗಹಾಕೋಕೆ ಇಷ್ಟ ಇಲ್ಲ. ತಿಳಿದವರು ಹೇಳಿ.

ಹಲಸೂರು ಹವಾಲ್ದಾರ್:

ತಾಯಿ, ನಿಮ್ಮ ಮಗನ ಪ್ರಶ್ನೆ ಓದಿ ಎರಡು ದಿನ ಆಯಿತು, ತಲೆಯಿಂದ ಹೋಗಿಲ್ಲ. ನಾನು 24 ವರ್ಷ ಸೈನ್ಯದಲ್ಲಿದ್ದವನು. ಇಲ್ಲೇ ಹಲಸೂರು ಕೆರೆ ಪಕ್ಕದ ಸೆಂಟರ್‌ನಲ್ಲಿ ಟ್ರೈನಿಂಗ್ ಆಯಿತು. ರಿಟೈರ್ ಆದ ಮೇಲೆ ಹಳೇ ಯುದ್ಧಗಳನ್ನು ಓದುವುದೇ ಕೆಲಸ ಮಾಡಿಕೊಂಡಿದ್ದೇನೆ.

ಮೊದಲು ಕತ್ತಲ ವಿಷಯ. ರಾತ್ರಿ ಪಹರೆಯಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ "ಥಮ್! ಕೌನ್ ಆತಾ ಹೈ?" ಅಂತ ಕೂಗಬೇಕು. ಬರುವವನು ಆ ದಿನದ ಪಾಸ್‌ವರ್ಡ್ ಹೇಳಬೇಕು. ಹೇಳುವ ತನಕ ಅವನು ನಮ್ಮವನಲ್ಲ. ನನ್ನ ಪಕ್ಕದ ಮಂಚದ ಹುಡುಗನೇ ಆಗಿರಲಿ, ಅವನ ಕೆಮ್ಮು ಕೇಳಿಯೇ ನನಗೆ ಗುರುತು ಸಿಗಲಿ, ಆ ಎರಡು ಗಳಿಗೆ ಬೆರಳು ಟ್ರಿಗರ್ ಹತ್ತಿರವೇ ಇರುತ್ತಿತ್ತು.

ರೋಮ್‌ನವರಿಗೂ ಇದೇ ಪದ್ಧತಿ ಇತ್ತು. ಆದರೆ 69ರ ಅಕ್ಟೋಬರ್ 24ರ ರಾತ್ರಿ ಅದು ಕೈಕೊಟ್ಟಿತು. ಉತ್ತರ ಇಟಲಿಯ ಕ್ರೆಮೋನಾ ಊರಿನ ಹೊರಗೆ ನಡೆದ ಜಗಳ. ಒಂದು ಕಡೆ ವಿಟೆಲಿಯಸ್ ಪರ, ರೈನ್ ನದಿ ಕಡೆಯ ಲೀಜನ್‌ಗಳು, ಅಂದರೆ ರೋಮ್ ಸೈನ್ಯದ ದೊಡ್ಡ ದಳಗಳು. ಇನ್ನೊಂದು ಕಡೆ ವೆಸ್ಪೇಸಿಯನ್ ಪರ, ಡ್ಯಾನ್ಯೂಬ್ ನದಿ ಕಡೆಯವರು. ಇವರ ಮುಂದಾಳು ಆಂಟೋನಿಯಸ್ ಪ್ರೈಮಸ್. ಚಕ್ರವರ್ತಿಗಳಿಬ್ಬರಲ್ಲಿ ಒಬ್ಬನೂ ಅಲ್ಲಿರಲಿಲ್ಲ. ವಿಟೆಲಿಯಸ್ ರೋಮ್ ಕಡೆ, ವೆಸ್ಪೇಸಿಯನ್ ಸಮುದ್ರದಾಚೆ ಪೂರ್ವದಲ್ಲಿ.

ಇತಿಹಾಸಕಾರ ಟ್ಯಾಸಿಟಸ್ ಆ ರಾತ್ರಿಯನ್ನು ಬರೆದಿಟ್ಟಿದ್ದಾನೆ. ಪಾಸ್‌ವರ್ಡ್ ಕೇಳಿ ಕೇಳಿ, ಹೇಳಿ ಹೇಳಿ, ಎರಡೂ ಕಡೆಯವರಿಗೆ ಗೊತ್ತಾಗಿಹೋಯಿತು. ಒಬ್ಬರ ಬಾವುಟ ಇನ್ನೊಬ್ಬರು ಕಿತ್ತುಕೊಂಡು ಓಡಾಡುತ್ತಿದ್ದರು, ಅದೂ ಗುರುತಿಗೆ ಬರಲಿಲ್ಲ. ವಿಟೆಲಿಯಸ್ ಕಡೆ ಕಲ್ಲೆಸೆಯುವ ದೊಡ್ಡ ಯಂತ್ರ ಒಂದಿತ್ತು, ಸಾಲು ಸಾಲು ಜನ ಬೀಳುತ್ತಿದ್ದರು. ವೆಸ್ಪೇಸಿಯನ್ ಕಡೆಯ ಇಬ್ಬರು, ಸತ್ತುಬಿದ್ದ ಶತ್ರುಗಳ ಗುರಾಣಿ ಎತ್ತಿಕೊಂಡು ನೇರ ಯಂತ್ರದ ಹತ್ತಿರ ನಡೆದರು. ಯಾರೂ ತಡೆಯಲಿಲ್ಲ. ಹಗ್ಗ ಕತ್ತರಿಸಿಬಿಟ್ಟರು. ಇಬ್ಬರೂ ಅಲ್ಲೇ ಸತ್ತರು, ಹೆಸರೂ ಉಳಿಯಲಿಲ್ಲ. ಗುರಾಣಿ ಬದಲಾಯಿಸಿದರೆ ಸಾಕು, ಮನುಷ್ಯನೇ ಬದಲಾದ ಹಾಗೆ. ನಿಮ್ಮ ಮಗ ಕೇಳಿದ್ದು ಇದೇ ಅಲ್ವಾ?

ಆಮೇಲೆ ಚಂದ್ರ ಮೂಡಿದ. ವೆಸ್ಪೇಸಿಯನ್ ಕಡೆಯವರ ಬೆನ್ನ ಹಿಂದೆ ಮೂಡಿದ. ಅವರ ನೆರಳು ಉದ್ದವಾಗಿ ಮುಂದೆ ಬಿತ್ತು. ಎದುರಿನವರು ನೆರಳನ್ನೇ ಆಳು ಅಂದುಕೊಂಡು ಎಸೆದರು, ಈಟಿಗಳು ಮುಂಚೆಯೇ ಬಿದ್ದವು. ವಿಟೆಲಿಯಸ್ ಕಡೆಯವರ ಮುಖದ ಮೇಲೆ ಮಾತ್ರ ಬೆಳದಿಂಗಳು ಹಾಲು ಚೆಲ್ಲಿದ ಹಾಗೆ.

ಈಗ ಮನಸ್ಸು ಹೇಗೆ ಬಂತು ಅನ್ನೋದು. ನನಗೆ ಕಂಡಿದ್ದು ಹೇಳುತ್ತೇನೆ. ನಮ್ಮ ಕಸಮ್ ಪರೇಡ್‌ನಲ್ಲಿ ನಾನು ಪ್ರಮಾಣ ಮಾಡಿದ್ದು ಸಂವಿಧಾನಕ್ಕೆ. ಯಾವ ಸಾಹೇಬರ ಹೆಸರಿಗೂ ಅಲ್ಲ. ಸಾಹೇಬರು ಬದಲಾಗುತ್ತಾರೆ, ತೀರಿಕೊಳ್ಳುತ್ತಾರೆ, ಪ್ರಮಾಣ ಹಾಗೇ ಇರುತ್ತೆ. ರೋಮ್ ಸಿಪಾಯಿ ಪ್ರಮಾಣ ಮಾಡುತ್ತಿದ್ದದ್ದು ಚಕ್ರವರ್ತಿ ಅನ್ನೋ ಒಬ್ಬ ಮನುಷ್ಯನ ಹೆಸರಿಗೆ. 68ರ ಜೂನ್‌ನಲ್ಲಿ ನೀರೋ ಸತ್ತಾಗ ಅವನ ಮನೆತನವೇ ಮುಗಿಯಿತು. 69ರ ಜನವರಿ 1ರಂದು ಹೊಸ ವರ್ಷದ ಪ್ರಮಾಣ ಮಾಡಬೇಕಿತ್ತು. ರೈನ್ ದಡದ ಮೈಂಜ್‌ನಲ್ಲಿ ಎರಡು ಲೀಜನ್‌ನವರು ಒಲ್ಲೆ ಅಂದು ಆಗಿನ ಚಕ್ರವರ್ತಿ ಗಾಲ್ಬಾನ ಮೂರ್ತಿಗಳನ್ನು ಒಡೆದುಹಾಕಿದರು. ಮರುದಿನ ಕೊಲೋನ್‌ನಲ್ಲಿ ವಿಟೆಲಿಯಸ್ ಚಕ್ರವರ್ತಿ ಆದ.

ಮೇಲೆ ಹಳೇ ಸಿಟ್ಟು ಬೇರೆ. ಏಪ್ರಿಲ್‌ನಲ್ಲಿ ಅದೇ ಕ್ರೆಮೋನಾ ಹತ್ತಿರ ಓಥೋ ಕಡೆಯವರು ವಿಟೆಲಿಯಸ್ ಕಡೆಯವರ ಕೈಲಿ ಸೋತಿದ್ದರು. ಸೋತ 13ನೇ ಲೀಜನ್‌ನ ಕೈಯಲ್ಲಿ ಕ್ರೆಮೋನಾದಲ್ಲಿ ಆಂಫಿಥಿಯೇಟರ್ ಕಟ್ಟಿಸಿದರು. ಕತ್ತಿ ಹಿಡಿಯುವ ಕೈಗೆ ಗಾರೆ ಕೆಲಸ. ಊರಿನವರು ನಿಂತು ಗೇಲಿ ಮಾಡಿದರು. ಕಟ್ಟುವ ಕೆಲಸವನ್ನು ನಾನು ಕೀಳು ಅನ್ನುವುದಿಲ್ಲ, ನಮ್ಮದು ಎಂಜಿನಿಯರ್ ರೆಜಿಮೆಂಟು, ಸೇತುವೆ ಕಟ್ಟಿಯೇ ಬದುಕಿದವರು. ಆದರೆ ಗೆದ್ದವನ ಆಟ ನೋಡುವ ಮಂಟಪವನ್ನು ಸೋತವನ ಕೈಲಿ ಕಟ್ಟಿಸುವುದು ಬೇರೆ. ಆರು ತಿಂಗಳಾದ ಮೇಲೆ ಅದೇ 13ನೇ ಲೀಜನ್ ವೆಸ್ಪೇಸಿಯನ್ ಪರವಾಗಿ ಅದೇ ಊರಿಗೆ ವಾಪಸ್ ಬಂತು. ಗೆದ್ದ ಮೇಲೆ ನಾಲ್ಕು ದಿನ ಕ್ರೆಮೋನಾವನ್ನು ಲೂಟಿ ಮಾಡಿ ಸುಟ್ಟರು. ಒಂದು ದೇವಸ್ಥಾನ ಬಿಟ್ಟು ಏನೂ ಉಳಿಯಲಿಲ್ಲ.

ರಾಜಾಜಿನಗರ 5ನೇ ಬ್ಲಾಕ್:

ಹವಾಲ್ದಾರ್ ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಇದೆಲ್ಲ ದುಡ್ಡಿನ ಮಾತು ಅನಿಸುತ್ತೆ. ರೋಮ್‌ನ ಕಾವಲು ಪಡೆಗೆ ಗಾಲ್ಬಾನ ಹೆಸರಲ್ಲಿ ದೊಡ್ಡ ಇನಾಮು ಕೊಡುತ್ತೇವೆ ಅಂತ ಮಾತಾಗಿತ್ತು. ಅವನು ಬಂದವನೇ, ನಾನು ಸೈನಿಕರನ್ನು ಆರಿಸುತ್ತೇನೆ, ಕೊಳ್ಳುವುದಿಲ್ಲ ಅಂದುಬಿಟ್ಟ. ಜನವರಿ 15ಕ್ಕೆ ಅದೇ ಕಾವಲು ಪಡೆ ಓಥೋನನ್ನು ಎತ್ತಿ ಕೂರಿಸಿತು, ಗಾಲ್ಬಾನನ್ನು ರೋಮ್‌ನ ಫೋರಂನಲ್ಲಿ, ಅಂದರೆ ಊರ ನಡುವಿನ ಚೌಕದಲ್ಲಿ, ಹಾಡಹಗಲೇ ಕಡಿದರು. 193ರಲ್ಲಂತೂ ನೇರ ಹರಾಜೇ ಆಯಿತು. ಒಬ್ಬೊಬ್ಬ ಸೈನಿಕನಿಗೆ 25,000 ಸೆಸ್ಟರ್ಸ್ (ರೋಮ್‌ನ ನಾಣ್ಯ) ಕೊಡುತ್ತೇನೆ ಅಂದ ಡಿಡಿಯಸ್ ಜೂಲಿಯಾನಸ್‌ಗೆ ಸಿಂಹಾಸನ ಸಿಕ್ಕಿತು. ಜೂನ್ ಬರುವಷ್ಟರಲ್ಲಿ ಅವನನ್ನೂ ಕೊಂದರು.

ನಾಣ್ಯದ ಹುಚ್ಚಿನವ:

ದುಡ್ಡಿನ ಮಾತು ಬಂತಲ್ಲ, ಅಮ್ಮನಿಗೆ ಒಂದು ವಿಷಯ. ನಿಮ್ಮ ಯಶವಂತಪುರದಲ್ಲೇ 1891ರಲ್ಲಿ ರೋಮ್‌ನ ಬೆಳ್ಳಿ ನಾಣ್ಯ ಸಿಕ್ಕಿತ್ತು. 163 ದಿನಾರಿಯಸ್. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು, ಅಂದರೆ ಈ ಯುದ್ಧಕ್ಕಿಂತ ಮುಂಚಿನವು. ಆಗ ಒಬ್ಬ ಲೀಜನ್ ಸಿಪಾಯಿಯ ವರ್ಷದ ಸಂಬಳ 225 ದಿನಾರಿಯಸ್. ನಿಮ್ಮ ಏರಿಯಾದಲ್ಲಿ ಸಿಕ್ಕ ಗಂಟು ಒಬ್ಬ ಸಿಪಾಯಿಯ ಒಂಬತ್ತು ತಿಂಗಳ ಸಂಬಳ ಕೂಡ ಆಗುವುದಿಲ್ಲ. ಒಂದು ಬದಿಯಲ್ಲಿ ಚಕ್ರವರ್ತಿಯ ಮುಖ. ಸಂಬಳ ಎಣಿಸುವಾಗಲೆಲ್ಲ ಅವನ ಮುಖವೇ ಬೆರಳಿಗೆ ತಾಗಬೇಕು. ಮಗನಿಗೆ ತೋರಿಸಿ, ಖುಷಿಪಡುತ್ತಾನೆ.

ಹಲಸೂರು ಹವಾಲ್ದಾರ್:

ರಾಜಾಜಿನಗರದವರೇ, ದುಡ್ಡು ಇತ್ತು, ಇಲ್ಲ ಅನ್ನುವುದಿಲ್ಲ. ಸಿಪಾಯಿಗೂ ಮನೆ ಮಠ ಇರುತ್ತೆ. ರಿಟೈರ್ ಆದಾಗ ಬರಬೇಕಾದ ಗಂಟು ಗೆದ್ದ ಚಕ್ರವರ್ತಿಯೇ ಕೊಡಬೇಕು, ಸೋತವನ ಸಿಪಾಯಿಯನ್ನು ಯಾರು ಕೇಳುತ್ತಾರೆ? ಆದರೆ ಬರೀ ದುಡ್ಡು ಅಂದರೆ ನನಗೆ ಒಪ್ಪಿಗೆ ಇಲ್ಲ. ಏಪ್ರಿಲ್‌ನಲ್ಲಿ ಸೋತ ಸುದ್ದಿ ಬಂದಾಗ ಓಥೋ ಬ್ರಿಕ್ಸೆಲ್ಲಮ್ ಅನ್ನೋ ಊರಿನಲ್ಲಿದ್ದ. ಇನ್ನೂ ಪಡೆ ಬರುತ್ತಾ ಇದೆ, ನಾವು ಹೋರಾಡುತ್ತೇವೆ ಅಂತ ಸಿಪಾಯಿಗಳು ಅವನ ಕಾಲು ಹಿಡಿದರು. ನನ್ನ ಒಬ್ಬನಿಗಾಗಿ ಇಷ್ಟು ಜನ ಸಾಯುವುದು ಬೇಡ ಅಂತ ಅವನು ಏಪ್ರಿಲ್ 16ರ ಬೆಳಗ್ಗೆ ತಾನೇ ಇರಿದುಕೊಂಡು ಸತ್ತ. ವಯಸ್ಸು 36. ಸಿಪಾಯಿಗಳು ಆ ಗಾಯಕ್ಕೆ ಮುತ್ತಿಟ್ಟು ಅತ್ತರು. ಕೆಲವರು ಚಿತೆಯ ಪಕ್ಕದಲ್ಲೇ ಪ್ರಾಣ ಕಳೆದುಕೊಂಡರು. ಸತ್ತವನು ಯಾರಿಗೆ ಏನು ಇನಾಮು ಕೊಡುತ್ತಾನೆ ಹೇಳಿ. ಅದು ಉಪ್ಪಿನ ಋಣ.

ಅದೇ ಋಣ ಎದುರಿನವನ ಮೇಲೂ ಇತ್ತು, ಅದೇ ನನ್ನ ಹೊಟ್ಟೆ ಕಿವುಚುವುದು. ಕ್ರೆಮೋನಾದ ಆ ರಾತ್ರಿ ಊರಿನ ಹೆಂಗಸರು ವಿಟೆಲಿಯಸ್ ಕಡೆಯವರಿಗೆ ಊಟ, ನೀರು ತಂದುಕೊಟ್ಟರು. ಕಾದಾಟ ಸ್ವಲ್ಪ ನಿಂತಾಗ ಇವರು ತಿಂದು, ಮಿಕ್ಕಿದ್ದನ್ನು ಎದುರಿನವರ ಹೆಸರು ಹಿಡಿದು ಕರೆದು ಕೊಟ್ಟರು ಅಂತ ಇನ್ನೊಬ್ಬ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ತಗೋ ತಮ್ಮಾ, ತಿನ್ನು ಅಂತ. ಉಂಡು ಮತ್ತೆ ಎದ್ದು ಬಡಿದಾಡಿದರು.

ಯಶವಂತಪುರದ ಅಮ್ಮ:

ಎಲ್ಲ ಉತ್ತರಗಳನ್ನೂ ಮಗನಿಗೆ ಓದಿ ಹೇಳಿದೆ. ಯಶವಂತಪುರದ ನಾಣ್ಯ ಅಂದ ಕೂಡಲೇ ಎದ್ದು ಕೂತ. ಊಟದ ವಿಷಯ ಬಂದಾಗ ಏನೂ ಮಾತಾಡಲಿಲ್ಲ. ರಾತ್ರಿ ಮಲಗುವಾಗ ಕೇಳಿದ: "ಅಮ್ಮ, ಅಲ್ಲಿ ಸಂಬಂಧಿಕರೇ ಎದುರಾಗಿದ್ದರೆ?" ಹವಾಲ್ದಾರ್ ಸರ್, ಹಾಗೆ ಯಾರಾದರೂ ಇದ್ದರಾ?

ಹಲಸೂರು ಹವಾಲ್ದಾರ್:

ಇದ್ದರು ತಾಯಿ. ಮೊದಲೇ ಬರೆಯೋಣ ಅಂದುಕೊಂಡು ಬಿಟ್ಟಿದ್ದೆ. ಕೇಳಿದ್ದಾನೆ, ಹೇಳುತ್ತೇನೆ.

ಜೂಲಿಯಸ್ ಮ್ಯಾನ್ಸ್ಯೂಟಸ್ ಅಂತ ಒಬ್ಬ, ಸ್ಪೇನ್‌ನವನು. 21ನೇ ಲೀಜನ್ ಸೇರಿ ದೂರ ಹೋದ. ಮನೆಯಲ್ಲಿ ಚಿಕ್ಕ ಮಗನನ್ನು ಬಿಟ್ಟು ಹೋಗಿದ್ದ. ಹುಡುಗ ದೊಡ್ಡವನಾದ. ಗಾಲ್ಬಾ 7ನೇ ಲೀಜನ್ ಕಟ್ಟಿದಾಗ ಅದಕ್ಕೆ ಸೇರಿದ. ಕ್ರೆಮೋನಾದಲ್ಲಿ 21ನೆಯದು ವಿಟೆಲಿಯಸ್ ಕಡೆ, 7ನೆಯದು ವೆಸ್ಪೇಸಿಯನ್ ಕಡೆ. ಮಗನ ಏಟಿಗೆ ಅಪ್ಪ ಬಿದ್ದ. ಅರೆಜೀವ ಆಗಿದ್ದವನ ಮೈ ತಡಕುವಾಗ ಮಗನಿಗೆ ಗುರುತು ಸಿಕ್ಕಿತು, ಅಪ್ಪನಿಗೂ ಸಿಕ್ಕಿತು. ಮಗ ತಬ್ಬಿಕೊಂಡು ಗೋಳೋ ಅಂತ ಅತ್ತ. ಅಪ್ಪನ ಆತ್ಮಕ್ಕೆ ಕೈಮುಗಿದು, ಇದು ನನ್ನೊಬ್ಬನ ಪಾಪವಲ್ಲ, ಎಲ್ಲರದ್ದು, ಇಷ್ಟು ದೊಡ್ಡ ಯುದ್ಧದಲ್ಲಿ ಒಬ್ಬ ಸಿಪಾಯಿ ಎಷ್ಟರವನು ಅಂತ ಬೇಡಿಕೊಂಡ. ಹೆಣ ಎತ್ತಿದ, ಅಲ್ಲೇ ನೆಲ ಅಗೆದ, ಮಣ್ಣು ಮಾಡಿದ.

ಹತ್ತಿರದವರು ನೋಡಿದರು. ಸುದ್ದಿ ಸಾಲಿನಿಂದ ಸಾಲಿಗೆ ಹೋಯಿತು. ಎಲ್ಲರೂ ಯುದ್ಧವನ್ನು ಶಪಿಸಿದರು, ಆದರೆ ಯಾರ ಕೈಯೂ ನಿಲ್ಲಲಿಲ್ಲ. ಟ್ಯಾಸಿಟಸ್ ಅಪ್ಪನ ಹೆಸರು ಕೊಟ್ಟಿದ್ದಾನೆ. ಮಗನ ಹೆಸರು ಬರೆದಿಲ್ಲ.