ಹಳೆಯ ಗಾಯದ ಕಲೆ ಕತ್ತಲಲ್ಲಿ ಹೊಳೆಯಬೇಕು: ಪುಡಿ ಚರ್ಮದ ಒಳಗೋ, ಮೇಲೋ?

ನಿಶಾಚರ (ಪ್ರಶ್ನೆ):
ಮುಂಗೈ ಮೇಲೆ 8 ಸೆಂ.ಮೀ. ಉದ್ದದ ಹಳೆಯ ಕಲೆ ಇದೆ. ಅದು ಕತ್ತಲಲ್ಲಿ ಹಸಿರಾಗಿ ಹೊಳೆಯಬೇಕು. ಕೈಯಲ್ಲಿರುವುದು ಸ್ಟ್ರಾನ್ಷಿಯಂ ಅಲ್ಯುಮಿನೇಟ್ (ಬೆಳಕು ಹೀರಿಕೊಂಡು ಕತ್ತಲಲ್ಲಿ ಹೊಳೆಯುವ) ಪುಡಿ, ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದಿದೆ. ಕಲೆಯನ್ನು ಮತ್ತೆ ಗೀರಿ ಪುಡಿ ತುಂಬಿದರೆ ಮಾಯುವಾಗ ಒಳಗೇ ಉಳಿಯುತ್ತದಾ? ಬೇರೆ ದಾರಿ ಇದ್ದರೆ ಅಳತೆ ಸಮೇತ ಹೇಳಿ.

ಹಚ್ಚೆಸೂಜಿ:
ಗೀರುವುದು ಬೇಡವೇ ಬೇಡ. ‘ನಾನ್ ಟಾಕ್ಸಿಕ್’ ಅನ್ನುವುದು ಬಣ್ಣ, ಆಟಿಕೆಗಳಿಗೆ ಹೇಳಿದ ಮಾತು, ಚರ್ಮದೊಳಗೆ ಸೇರಿಸಲು ಕೊಟ್ಟ ಪರವಾನಗಿಯಲ್ಲ.

ಲೇಪನವಿಲ್ಲದ ಈ ಪುಡಿ ನೀರು ತಾಗಿದರೆ ನಿಧಾನಕ್ಕೆ ಒಡೆದು ಕ್ಷಾರವಾಗುತ್ತದೆ. ಮೈಯೊಳಗೆಲ್ಲ ನೀರೇ, ಹಾಗಾಗಿ ಹೊಳಪೂ ಸಾಯುತ್ತದೆ, ಸುತ್ತಲ ಚರ್ಮವೂ ಉರಿಯುತ್ತದೆ. ಮಾರಾಟಕ್ಕೆ ಸಿಗುವ ಪುಡಿಯ ಕಣಗಳು ಸಾಮಾನ್ಯವಾಗಿ ಹತ್ತಾರು ಮೈಕ್ರಾನ್ ಗಾತ್ರದವು. ಹಚ್ಚೆ ಶಾಯಿಯ ಕಣಗಳು ಬಹುಪಾಲು 1 ಮೈಕ್ರಾನಿಗಿಂತ ಸಣ್ಣವು. ದಪ್ಪ ಕಣವನ್ನು ರಕ್ಷಣಾ ಕೋಶಗಳು ನುಂಗಲಾರದೆ ಸುತ್ತುಗಟ್ಟಿ ಕೂತರೆ ಗಟ್ಟಿ ಗಂಟು ಏಳುತ್ತದೆ. ಆಮೇಲೆ ತೆಗೆಸುವುದೂ ಕಷ್ಟ: ಲೇಸರ್ ಕೆಲಸ ಮಾಡುವುದು ಬೆಳಕು ಹೀರುವ ಬಣ್ಣದ ಮೇಲೆ, ಬಿಳಿಚು ಪುಡಿ ಹೀರುವುದೇ ಕಡಿಮೆ. ಉಳಿಯುವುದು ಕತ್ತರಿಸಿ ತೆಗೆಯುವ ದಾರಿ, ಅಂದರೆ ಇನ್ನೂ ದೊಡ್ಡ ಕಲೆ.

ನಮ್ಮಂಥ ಕಂದು, ಕಪ್ಪು ಮೈಬಣ್ಣದವರಲ್ಲಿ ಕೀಲಾಯ್ಡ್ (ಗಾಯಕ್ಕಿಂತ ದೊಡ್ಡದಾಗಿ ಉಬ್ಬಿ ಬೆಳೆಯುವ ಕಲೆ) ಹೆಚ್ಚು; ಎದೆ, ಭುಜ, ಕಿವಿಹಾಲೆಗಳಲ್ಲಿ ಇನ್ನೂ ಹೆಚ್ಚು. ಉಬ್ಬಿ ತುರಿಸುವ ಕಲೆಯನ್ನು ಕೆದಕಿದರೆ ಅದು ಗಾಯದ ಗಡಿ ದಾಟಿ ಬೆಳೆಯಬಹುದು.

ಯುವಿ (ನೇರಳಾತೀತ) ಹಚ್ಚೆಯೂ ಇದೂ ಒಂದೇ ಎಂದುಕೊಳ್ಳಬೇಡಿ. ಅದು ಯುವಿ ದೀಪದಡಿ ಮಾತ್ರ ಹೊಳೆಯುತ್ತದೆ, ದೀಪ ಆರಿಸಿದರೆ ಏನೂ ಕಾಣದು.

ಬಣ್ಣದಮನೆ:
ಬೇರೆ ದಾರಿ ಇದೆ. ಪುಡಿಯನ್ನು ಸಿಲಿಕೋನಿನಲ್ಲಿ ಬಂಧಿಸಿ, ಕಲೆಯ ಆಕಾರದ ತೆಳು ಪಟ್ಟಿ ಮಾಡಿ ಮೇಲೆ ಅಂಟಿಸಿ. ನೀರೂ ತಾಗದು, ಪುಡಿಯೂ ಚರ್ಮಕ್ಕೆ ತಾಗದು. ಕಲೆ ಒಂದು ವರ್ಷ ಹಳೆಯದಾಗಿ, ಚಪ್ಪಟೆಯಾಗಿ, ಕೆಂಪು, ತುರಿಕೆ ಇಲ್ಲದಿದ್ದರೆ ಮಾತ್ರ.

ಚರ್ಮಕ್ಕೆ ಹೊಂದುವ ಪ್ಲಾಟಿನಂ ಸಿಲಿಕೋನ್ (ಎ, ಬಿ ಎಂಬ ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವಂಥದ್ದು) ಎ 5 ಗ್ರಾಂ, ಬಿ 5 ಗ್ರಾಂ, ಪುಡಿ 2.5 ಗ್ರಾಂ (1:1 ಬೆರಕೆಯದಾದರೆ ಈ ಅಳತೆ). ತೂಗುವಾಗ ಮಾಸ್ಕ್ ಹಾಕಿ. ಮೊದಲು ಪುಡಿಯನ್ನು ಎ ಭಾಗದಲ್ಲಿ ಕಲಸಿ, ಕೊನೆಗೆ ಬಿ ಹಾಕಿ. ಚಮಚ ಪ್ಲಾಸ್ಟಿಕ್ಕಿನದಿರಲಿ: ಈ ಕಣ ಗಡಸು, ಲೋಹವನ್ನು ಉಜ್ಜಿ ತೆಗೆದು ಮಿಶ್ರಣ ಬೂದುಗಟ್ಟುತ್ತದೆ. ಕೈಗೆ ನೈಟ್ರೈಲ್ ಗವಸು. ಲೇಟೆಕ್ಸ್ ಗವಸಿನ ಗಂಧಕ ತಗುಲಿದರೆ ಸಿಲಿಕೋನ್ ಗಟ್ಟಿಯಾಗದೆ ಜಿಗಟಾಗಿಯೇ ಉಳಿಯುತ್ತದೆ. ಗಂಧಕವಿರುವ ಮಾಡೆಲಿಂಗ್ ಜೇಡಿಯಿಂದ ಅಚ್ಚು ಮಾಡಿದರೂ ಇದೇ ಗತಿ.

ಹೆಚ್ಚಿನವರು ಎಡವುವುದು ಎರಕದಲ್ಲಿ. ಪುಡಿ ಸಿಲಿಕೋನಿಗಿಂತ ಮೂರು ಪಟ್ಟು ಭಾರ, ತಳಕ್ಕೆ ಇಳಿಯುತ್ತದೆ. ಹಾಗಾಗಿ ಹೊರಗೆ ಕಾಣುವ ಮುಖ ಕೆಳಗೆ ಬರುವಂತೆ ಎರೆಯಿರಿ. ಅಚ್ಚಿನ ತಳಕ್ಕೆ ಮೊದಲು ಪುಡಿಯಿಲ್ಲದ ತೆಳು ಪದರ, ಅದು ಜಿಗಟಾದ ಮೇಲೆ ಪುಡಿ ಮಿಶ್ರಣ 1 ಮಿ.ಮೀ., ಅದರ ಮೇಲೆ ಬಿಳಿ ಬಣ್ಣ ಕಲಸಿದ ಸಿಲಿಕೋನ್. ಚರ್ಮಕ್ಕೆ ಕೂರುವುದು ಈ ಬಿಳಿ ಮುಖ, ಹಿಂದೆ ಬಿಳಿ ಇದ್ದರೆ ಹೊಳಪು ಎದ್ದು ಕಾಣುತ್ತದೆ. ಅಂಚು ಕಾಗದದಷ್ಟು ತೆಳ್ಳಗಿರಲಿ.

ನಿಶಾಚರ:
ಅಂಟಿಸಲು ಫೆವಿಕ್ವಿಕ್ ಸಾಕಾಗುತ್ತದಾ? ಎಷ್ಟು ಹೊತ್ತು ಹೊಳೆಯುತ್ತದೆ?

ಬಣ್ಣದಮನೆ:
ಫೆವಿಕ್ವಿಕ್ ಬೇಡ, ಅದು ಗಟ್ಟಿಯಾಗುವಾಗ ಕಾವು ಬರುತ್ತದೆ, ಕೀಳುವಾಗ ಚರ್ಮ ಕಿತ್ತು ಬರುತ್ತದೆ. ಮೇಕಪ್ ಕಲಾವಿದರು ಬಳಸುವ ವೈದ್ಯಕೀಯ ಸಿಲಿಕೋನ್ ಅಂಟು ತನ್ನಿ. ಒಳಮುಂಗೈಗೆ ಸ್ವಲ್ಪ ಹಚ್ಚಿ 24 ಗಂಟೆ ನೋಡಿ. ದಿನಕ್ಕೆ 6 ಗಂಟೆಗಿಂತ ಹೆಚ್ಚು ಹಾಕಬೇಡಿ. ತೆಗೆಯುವಾಗ ಅದೇ ಅಂಟಿನ ರಿಮೂವರನ್ನು ಅಂಚಿನಿಂದ ಹನಿಸುತ್ತಾ ಬಿಡಿಸಿ, ಎಳೆಯಬೇಡಿ.

ಪಟ್ಟಿಗೆ ಮೊದಲೇ ಬಿಸಿಲು ಅಥವಾ 365 ನ್ಯಾನೋಮೀಟರ್ ಯುವಿ ಟಾರ್ಚ್ ಹಿಡಿದು, ಆಮೇಲೆ ಅಂಟಿಸಿ. ಮೊದಲ 10–15 ನಿಮಿಷ ಜೋರು, ಆಮೇಲೆ ಗಂಟೆಗಟ್ಟಲೆ ಮಂಕು. ಟಾರ್ಚನ್ನು ಕಣ್ಣಿಗೆ ಬಿಡಬೇಡಿ.

ದಾದಿ_ಹುಬ್ಬಳ್ಳಿ:
ಇನ್ನೆರಡು ವಿಷಯ. ಲೈಟ್ ಸ್ಟಿಕ್ (ಬಗ್ಗಿಸಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ) ಒಡೆದು ಮೈಗೆ ಸುರಿಯಬೇಡಿ, ಒಳಗೆ ಪೆರಾಕ್ಸೈಡ್ ಜೊತೆ ಗಾಜಿನ ಚೂರೂ ಇರುತ್ತದೆ. ಅಮೆರಿಕದ ಅಂತರ್ಯುದ್ಧದ ವೇಳೆ, 1862ರ ಶೈಲೋ ಕದನದಲ್ಲಿ ಸೈನಿಕರ ಗಾಯ ಹೊಳೆಯಿತು ಎಂಬ ಕಥೆ ಓದಿ ಬ್ಯಾಕ್ಟೀರಿಯಾ ಹುಡುಕುವವರಿದ್ದಾರೆ, ಅದೂ ಬೇಡ. ಫೋಟೋರ್ಹಾಬ್ಡಸ್ ಲ್ಯುಮಿನೆಸೆನ್ಸ್ ಎಂಬ ಹೊಳೆಯುವ ಬ್ಯಾಕ್ಟೀರಿಯಾ ಕಾರಣವಿರಬಹುದು ಎಂದು 2001ರಲ್ಲಿ ಅಮೆರಿಕದ ಇಬ್ಬರು ಹೈಸ್ಕೂಲ್ ವಿದ್ಯಾರ್ಥಿಗಳು ವಾದಿಸಿದ್ದು, ಚಳಿಯಲ್ಲಿ ಮೈ ತಣ್ಣಗಾಗಿದ್ದರಿಂದ ಅದು ಬದುಕಿತು ಎಂಬ ಆಧಾರದ ಮೇಲೆ. ಅದೇ ಕುಲದ ಅಸಿಂಬಯೋಟಿಕಾ ಮನುಷ್ಯರಿಗೆ ಸೋಂಕು ತರುತ್ತದೆ.

ಈಗಾಗಲೇ ಯಾರಾದರೂ ಗೀರಿ ಪುಡಿ ತುಂಬಿಕೊಂಡಿದ್ದರೆ ಹರಿಯುವ ಶುದ್ಧ ನೀರಿನಲ್ಲಿ ಹತ್ತು ನಿಮಿಷ ತೊಳೆಯಿರಿ, ಉಜ್ಜಬೇಡಿ. ಅದೇ ದಿನ ವೈದ್ಯರ ಹತ್ತಿರ ಹೋಗಿ ಯಾವ ಪುಡಿ ಎಂದು ಹೇಳಿ, ಡಬ್ಬಿ ಜೊತೆಗಿರಲಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ 5 ವರ್ಷ ಮೀರಿದ್ದರೆ ಅದನ್ನೂ ಹೇಳಿ. ಬ್ಲೇಡು, ಸೂಜಿ ಇನ್ನೊಬ್ಬರ ಜೊತೆ ಹಂಚಿಕೊಂಡಿದ್ದರೆ ಮುಚ್ಚಿಡಬೇಡಿ: ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷೆ ಬೇಕು, ಎಚ್‌ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಕೆಂಪು ಗೆರೆ ಮೇಲಕ್ಕೆ ಹರಿದರೆ, ಚಳಿಜ್ವರ ಬಂದರೆ ಬೆಳಗಿನವರೆಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ.